ಮನೆಯವರ ಹೆಸರಿನ ಹಾಡು

ಹಾಡು ಕಟ್ಟುವವರಿಗೆ ಪ್ರಾಸ ಸಿಗದಿರುವುದೇ ದೊಡ್ಡ ಕಷ್ಟ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯವರ ಹೆಸರು ಕೊಟ್ರೇಶ ಅಲ್ಲ ಎಂದಾಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಕಲಿಸಿ, ಮದುವೆ ಮಾಡಿ ಕೊಟ್ಟದ್ದು ಮಾತ್ರ ಕೊಟ್ಟೂರಿಗೆ. ಇಲ್ಲಿ ದೇವರೂ ಕೊಟ್ರೇಶ, ಗಂಡನೂ ಕೊಟ್ರೇಶ. ಭಜನೆಯಲ್ಲಿ ಎಲ್ಲರೂ ದೇವರ ಹೆಸರು ಹಿಡಿದು ಕೂಗುವಾಗ ನಾನು ಬರೀ ತಾಳ ಬಡಿಯುತ್ತಿದ್ದೆ. ಹಾಡು ಕಟ್ಟುವ ಹುಚ್ಚು ಹತ್ತಿದಾಗ ಬೇರೆ ದಾರಿ ಕಾಣದೆ ದೇವರನ್ನು 'ಅಪ್ಪ' ಎಂದು ಕರೆದೆ. 'ನಿನ್ನ ಹೊಸ್ತಿಲು ದಾಟಿ ಹೆಂಗ ಹೋಗಲೋ ಅಪ್ಪ' ಎಂಬ ನನ್ನ ದೇವರ ಹಾಡು ಕೇಳಿದ ಹೆಂಗಸರು, ಅದು ತವರು ಬಿಟ್ಟು ಹೋಗುವ ಮಗಳ ಹಾಡೆಂದು ತಿಳಿದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಕ್ಯಾಸೆಟ್ಟಿನ ಕಾಲ, ನನ್ನ ಹಾಡುಗಳೂ ಕ್ಯಾಸೆಟ್ಟಾದವು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ನನ್ನ ಹಾಡು ಹಚ್ಚಿ ಜನ ಅತ್ತರು. ತೆಲಿಗಿಯಲ್ಲಿದ್ದ ನಮ್ಮಪ್ಪನಂತೂ, "ನನ್ನ ಮ್ಯಾಲೆ ಇಷ್ಟು ಜೀವ ಐತೇನವ್ವ ನಿನಗ?" ಎಂದು ಗಳಗಳನೆ ಅತ್ತುಬಿಟ್ಟ. ಅಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಇದರಲ್ಲಿ ನೊಂದವರು ನಮ್ಮ ಮನೆಯವರೊಬ್ಬರೇ. ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದರು. ನನ್ನ ಕ್ಯಾಸೆಟ್ ಹಚ್ಚಿಕೊಂಡೇ ಮಷಿನ್ ತುಳಿಯುತ್ತಿದ್ದರು. ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದು, ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ ಮೇಲೆ, ಒಂದು ಮಧ್ಯಾಹ್ನ ಕೇಳಿದರು: "ಅಪ್ಪಾ, ಅಪ್ಪಾ ಅಂತ ಎಷ್ಟು ಹಾಡ ಕಟ್ಟಿದಿ. ನನ್ನ ಹೆಸರು ಹಿಡಿದು ಒಂದಾರ ಹಾಡು. ಕೇಳಿ ಹೋಗ್ತೀನಿ."

ಬಾಗಿಲು ಮುಚ್ಚಿ, ಗೋಡೆಗೆ ಮುಖ ಮಾಡಿ ನಿಂತು ಹಾಡಿದೆ: 'ಕೊಟ್ರೇಶಾ, ಬಾಳಿಗೆ ಬೆಳಕಾದವನೇ, ಕೈಬಿಡದೆ ಕಾಯ್ದವನೇ.' ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿ, ಭಕ್ತಿಯಿಂದ ದೇವರಿಗೆ ಕೈ ಮುಗಿದುಕೊಂಡಿದ್ದರು!

"ಅಯ್ಯ, ಇದು ನಿಮ್ಮ ಮ್ಯಾಲೆ ಕಟ್ಟಿದ್ದುರೀ" ಎಂದೆ.

"ಹೌದಾ? ಬರೇ ಹೊಗಳಿಕಿನ ಐತಲ್ಲ. ನಾನು ಅಂತ ಹೆಂಗ ಗೊತ್ತಾಗಬೇಕು? ಒಂದೀಟು ಬೈ."

ಮರುದಿನ ಒಂದು ನುಡಿ ಸೇರಿಸಿದೆ: 'ಸಂತ್ಯಾಗ ತುಂಬಿದ ಚೀಲ ಮರೆತು, ಬರಿಗೈಲಿ ನಕ್ಕೊಂತ ಮನಿಗೆ ಬಂದವನೇ, ಕೊಟ್ರೇಶಾ.' ಕೆಮ್ಮು ಹತ್ತುವಷ್ಟು ನಕ್ಕರು. "ಇದು ನಾನ ನೋಡು!" ಎಂದರು. ಆಮೇಲೆ ದಿನಾ ಅದೊಂದೇ ನುಡಿ ಹಾಡಿಸಿಕೊಂಡರು. ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು.

ಅವರ ಶಿವಗಣಾರಾಧನೆಯ ದಿನ ಭಜನೆಯವರ ನಡುವೆ ಕುಳಿತು ಅದನ್ನೇ ಹಾಡಿದೆ. ಭಜನೆಯ ಹಿರಿಯರು ತಾಳ ಕೆಳಗಿಟ್ಟು ಜನರಿಗೆ ಬಿಡಿಸಿ ಹೇಳಿದರು: "ಸಂತಿ ಅಂದ್ರ ಈ ಸಂಸಾರ. ಚೀಲ ಅಂದ್ರ ಈ ದೇಹ. ಎಂಥ ತತ್ವ ಇಟ್ಟಾಳ ನೋಡ್ರಿ ನಮ್ಮ ತಂಗಿ!" ಅಲ್ಲರೀ ಅಜ್ಜಾ, ಅದು ಬದನೆಕಾಯಿ ಚೀಲ ಎನ್ನಲು ಬಾಯಿ ತೆರೆದೆ. ಮತ್ತೆ ಮುಚ್ಚಿ, ಎಲ್ಲರ ಜೊತೆ ನಾನೂ ತಲೆಯಾಡಿಸಿದೆ.

ಈಗ ಹಡಗಲಿಯವರೆಗೂ ಅದನ್ನು ತತ್ವಪದವೆಂದು ಹಾಡುತ್ತಾರೆ, ನನ್ನನ್ನು ಅನುಭಾವಿ ಎನ್ನುತ್ತಾರೆ. ನನಗೆ ತಿಳಿದ ತತ್ವ ಇಷ್ಟೇ: ಆವತ್ತು ಸಂತೆಯಲ್ಲಿ ಹೋದದ್ದು ಬರೀ ಚೀಲ, ಮನುಷ್ಯ ಮನೆಗೆ ಬಂದಿದ್ದರು.