ಮಾವನ ಹಡಗಿನ ಅಡುಗೆ ದೆವ್ವ

ದೆವ್ವ ಕಂಡು ಓಡಿದವರನ್ನು ನೀವು ನೋಡಿರಬಹುದು. ದೆವ್ವದ ಅಡುಗೆಮನೆ ಕೊಳಕಾಗಿದೆ ಎಂದು ದೆವ್ವಕ್ಕೇ ಬೈದವರನ್ನು ನೋಡಿದ್ದೀರಾ? ಇಲ್ಲವಾದರೆ ಕುಂಭಾಶಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಟಿಕೆಟ್ ಇಲ್ಲ. ಊಟ ಮಾಡದೆ ಹೊರಡಲು ಮಾತ್ರ ಬಿಡುವುದಿಲ್ಲ!

ಮಾವ ಬಾಂಬೆಯಲ್ಲಿ ಹೋಟೆಲ್ ನಡೆಸಿದವರು. ಮಂಡಿನೋವು ಜೋರಾಗಿ ಅದನ್ನು ಮುಚ್ಚಿ ಊರಿಗೆ ಬಂದರು, ಆದರೆ ಹೋಟೆಲ್ ಅವರನ್ನು ಬಿಡಬೇಕಲ್ಲ? ಬಸ್ರೂರಿನ ಒಂದು ಮದುವೆಗೆ ಹೋದವರು, ಮದುಮಗನ ಮುಖ ನೋಡುವ ಮೊದಲೇ ಸಾಂಬಾರಿನ ಬಕೆಟ್ ಎತ್ತಿಕೊಂಡು ಪಂಕ್ತಿಗೆ ಇಳಿದಿದ್ದರು. ಕೊನೆಗೆ ಅಡುಗೆ ಗುತ್ತಿಗೆಯವನು ಹತ್ತಿರ ಬಂದು, "ಅಣ್ಣಾ, ನಾಳೆ ಬ್ರಹ್ಮಾವರದಗೆ ಒಂದ್ ಮದಿ ಇತ್ತ್, ಬತ್ರ್ಯಾ?" ಎಂದು ಕೇಳಿದ! ಅವರು ಕೂತು ಉಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತಿದ್ದರು.

ಸಾಸ್ತಾನದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಾನು, ಮಾವನಿಗೆ ಹೊತ್ತು ಹೋಗಲಿ ಎಂದು ಟಿವಿಗೆ ಜೋಡಿಸುವ ಗೇಮಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟೆ. ಕಾರು ಓಡಿಸುವ ಆಟ ಬಿಟ್ಟು, ಕ್ರಿಕೆಟ್ ಬಿಟ್ಟು, ಅವರು ಆರಿಸಿಕೊಂಡದ್ದು ದೆವ್ವದ ಆಟ. ನಡುಸಮುದ್ರದಲ್ಲಿ ಕೆಟ್ಟು ನಿಂತ ಹಡಗು. ಅದರಲ್ಲಿ ಎಂದೋ ಸತ್ತ ಅಡುಗೆಯವನ ದೆವ್ವ, ಕೈಯಲ್ಲಿ ಮಚ್ಚು. ಅದರಿಂದ ತಪ್ಪಿಸಿಕೊಂಡು, ದೋಣಿ ಇಳಿಸಿ ಪಾರಾಗಬೇಕು.

ಮೊದಲ ದಿನ ನಾನು ಪಕ್ಕದಲ್ಲೇ ಇದ್ದೆ. ಬೇರೆಯವರು ಉಸಿರು ಬಿಗಿಹಿಡಿದು ದಾಟುವ ಹಡಗಿನ ಅಡುಗೆಮನೆಯಲ್ಲಿ ಮಾವ ತಪಾಸಣೆಗೆ ನಿಂತರು.

"ಹ್ವಾಯ್! ಎಂತ ಗಲೀಜ್ ಇದ್? ಬಾಣಲೆ ತೊಳೀಲೇ ಇಲ್ಲ!"

"ಮಾವಾ, ಹಿಂದ್ ಬಂತ್! ಓಡಿ!"

"ಬರ್ಲಿ ಮರಾಯಾ, ಅವ್ನ್ ಹತ್ರವೇ ಕೇಂತೆ."

ಕೇಳುವಷ್ಟರಲ್ಲಿ ಮಚ್ಚು ಬಿತ್ತು. ಪರದೆ ಕೆಂಪಾಯಿತು. ನಾನು ಕುರ್ಚಿಯಲ್ಲಿ ಅರ್ಧ ಜೀವವಾಗಿದ್ದೆ. ಮಾವ ಮಾತ್ರ, "ಮಚ್ಚಿಗೂ ಹರಿತ ಇಲ್ಲ" ಎಂದರು!

ಈ ಆಟಕ್ಕೆ ಮುಕ್ತಾಯಗಳು ಮೂರು. ದೆವ್ವವನ್ನು ಸುಟ್ಟು ಪಾರಾಗುವುದು ಒಂದು. ಅದರ ಕೈಗೆ ಸಿಕ್ಕಿ ನೀವೇ ಮುಂದಿನ ಅಡುಗೆ ದೆವ್ವವಾಗುವುದು ಇನ್ನೊಂದು. ಮೂರನೆಯದರಲ್ಲಿ ನೀವು ದೋಣಿ ಹತ್ತಿ ಹೋಗುತ್ತೀರಿ, ದೆವ್ವ ಹಡಗಿನ ಅಂಚಿನಲ್ಲಿ ನಿಂತು ನೋಡುತ್ತಿರುತ್ತದೆ. ಮಾವ ಮೂರನ್ನೂ ಕಂಡರು, ಒಂದೂ ಹಿಡಿಸಲಿಲ್ಲ. ಅಂಗಡಿಗೆ ಫೋನು ಬಂತು.

"ದೋಣಿಯಗೆ ಆರ್ ಜನ ಕೂಕಂಬುಕ್ ಆತ್ತ್. ಒಬ್ನೇ ಹೋಪುದ್ ಎಂತಕೆ? ಅವ್ನನ್ನೂ ಕರ್ಕಂಡ್ ಹೋಪ ದಾರಿ ಹೇಳ್."

"ಮಾವಾ, ಅದ್ ದೆವ್ವ!"

"ದೆವ್ವ ಆದ್ರೆ ಎಂತ? ಅಷ್ಟ್ ಜನಕ್ಕೆ ಬೇಯ್ಸಿ ಹಾಕಿದ್ದ್ ಅಂವ ಅಲ್ದಾ?"

ಅಂತರ್ಜಾಲವನ್ನೆಲ್ಲ ಜಾಲಾಡಿದೆ. ನಾಲ್ಕನೆಯ ಮುಕ್ತಾಯ ಇಲ್ಲವೇ ಇಲ್ಲ. ಮಾವ ನಂಬಿದರೆ ತಾನೆ! ದಿನಾ ದೆವ್ವದ ಮುಂದೆ ಬ್ರೆಡ್ಡು ಇಡುವುದು, ದೋಣಿಯ ಬಳಿ ಕಾಯುವುದು, ಮಚ್ಚಿನೇಟು ತಿನ್ನುವುದು. ಒಳಗಿನಿಂದ ಅತ್ತೆ ಕೂಗುತ್ತಿದ್ದರು: "ಆ ದೆವ್ವಕ್ಕೆ ಬಡ್ಸಿ ಆದ್ರೆ ಬನ್ನಿ, ಇಲ್ಲಿ ಗಂಜಿ ತಣಿತ್ ಇತ್ತ್!"

ಕೊನೆಗೆ ಮಾವ ಆಟದ ಕಂಪನಿಯ ಮ್ಯಾನೇಜರನ ನಂಬರು ಕೊಡು ಎಂದಾಗ ನಾನು ಗಾಬರಿಯಾಗಿ ಕುಂಭಾಶಿಗೆ ಓಡಿದೆ. ಮಾವ ಸ್ನಾನಕ್ಕೆ ಹೋಗಿದ್ದರು. ಅತ್ತೆ ದನಿ ತಗ್ಗಿಸಿ ವಿಷಯ ಹೇಳಿದರು. ಬಾಂಬೆಯ ಹೋಟೆಲಿಗೆ ಮೊದಲಿಂದ ಕೊನೆಯವರೆಗೂ ಒಬ್ಬನೇ ಅಡುಗೆಯವನು. ಬೈಂದೂರಿನ ಕಡೆಯವನು, ಊರಲ್ಲಿ ತನ್ನವರೆಂದು ಯಾರೂ ಉಳಿದಿರಲಿಲ್ಲ. ಹೋಟೆಲ್ ಮುಚ್ಚಿದ ಮೇಲೆ ಮಾವನನ್ನು ರೈಲು ಹತ್ತಿಸಿ, ರೈಲು ಮರೆಯಾಗುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದನಂತೆ. ಈಗ ಬೇರೆ ಯಾರದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾನೆಂದು ಸುದ್ದಿ.

"ಊರಿಗೆ ಬಾ ಅಂದೇಳಿ ಒಂದ್ ಮಾತ್ ಬಾಯಗೆ ಬರ್ಲಿಲ್ಲ ಅಂದೇಳಿ ಇವ್ರಿಗೆ ಈಗ್ಳೂ ನಿದ್ರಿ ಇಲ್ಲ" ಎಂದರು ಅತ್ತೆ.

ಅಷ್ಟು ದಿನ ಊರಿಡೀ ಹೇಳಿಕೊಂಡು ನಕ್ಕಿದ್ದ ನಾನು ಫೋನು ತೆಗೆದು ಬಾಂಬೆಯ ರೈಲುಗಳನ್ನು ಹುಡುಕತೊಡಗಿದೆ. ಮಾವ ತಲೆ ಒರೆಸಿಕೊಳ್ಳುತ್ತಾ ಬಂದು, "ನಂಬರ್ ಸಿಕ್ತಾ?" ಎಂದರು.

"ಆ ದಾರಿ ಆಟದಗೆ ಇಲ್ಲ ಮಾವಾ. ರೈಲಗೆ ಇತ್ತ್."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ಮಾವ ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಟಿಕೆಟ್ ಮಾಡ್" ಎಂದರು.

ಮಾವ ಒಬ್ಬರೇ ಬಾಂಬೆಗೆ ಹೋದರು. ಮುಂದಿನ ವಾರ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿದವರು ಇಬ್ಬರು: ಮಾವ, ಅವರ ಅಡುಗೆಯವನು. ಮನೆಗೆ ಬಂದದ್ದೇ ತಡ, ಆತ ಅಭ್ಯಾಸಬಲದಿಂದ ಸೌಟಿಗೆ ಕೈಹಾಕಿದ. ಮಾವ ಕಿತ್ತುಕೊಂಡು, "ಕೂಕೋ ಮರಾಯಾ" ಎಂದರು. ಧಣಿ ನಿಂತಿರುವಾಗ ಆತ ಕೂರುತ್ತಾನೆಯೇ? ಬೇರೆ ದಾರಿಯಿಲ್ಲದೆ ಮಾವನೂ ಕೂತರು. ಅತ್ತೆ ಇಬ್ಬರಿಗೂ ಅನ್ನ, ಬಂಗುಡೆ ಸಾರು ಬಡಿಸಿದರು. ಮಾವ ಕೂತು ಉಣ್ಣುವುದನ್ನು ನಾನು ಕಂಡದ್ದು ಅದೇ ಮೊದಲು.

ಗೇಮಿನ ಸುದ್ದಿ ಆತನಿಗೂ ಗೊತ್ತಾಗಲಿ ಎಂದು ನಾನು ಟಿವಿ ಹಚ್ಚಿ ಆ ಮೂರನೆಯ ಮುಕ್ತಾಯ ತೋರಿಸಿದೆ. ದೋಣಿ ದೂರವಾಯಿತು. ಹಡಗಿನ ಅಂಚಿನಲ್ಲಿ ದೆವ್ವ ಒಂದೇ ಉಳಿಯಿತು.

"ಅಂವ ಎಂತಕೆ ಹತ್ಲಿಲ್ಲ?" ಎಂದು ಆತ ಕೇಳಿದ.

"ಅವ್ನನ್ನ ಯಾರೂ ಕರೀಲಿಲ್ಲ." ಮಾವನ ಕೈ ತಟ್ಟೆಯಲ್ಲೇ ನಿಂತಿತ್ತು.

ಆತ ಟಿವಿಯ ಕಡೆ ಮತ್ತೆ ನೋಡಲಿಲ್ಲ.

"ನೀವ್ ಬಂದ್ರಲ್ದಾ?" ಎಂದ. "ಉಣ್ಣಿ, ತಣಿತ್ ಇತ್ತ್."