ಕೆಂಪು ಕಾರಿನ ನಾಲ್ಕನೇ ಚಕ್ರ

ನಮ್ಮ ಮನೆಯಲ್ಲಿ ಊಟದ ಮೇಜಿದೆ ಎಂದು ನಾನು ಯಾರ ಮುಂದಾದರೂ ಅಂದರೆ ಸಾಕು, ನನ್ನ ಹೆಂಡತಿ ಪಕ್ಕದಿಂದ "ಎಲ್ಲಿದೆ?" ಎಂದು ಕೇಳಿ ಮಾನ ಕಳೆಯುತ್ತಿದ್ದಳು. ಇದಕ್ಕಿಂತ ಅನ್ಯಾಯದ ಮಾತು ಇನ್ನೊಂದಿಲ್ಲ. ಆರು ಜನ ಆರಾಮವಾಗಿ ಕೂರುವಂಥ ತೇಗದ ಮೇಜು, ಅವಳೇ ಅಂಗಡಿ ಅಂಗಡಿ ಅಲೆದು ಆರಿಸಿ ತಂದದ್ದು, ನಡುಮನೆಯಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು. ಹನ್ನೊಂದು ತಿಂಗಳಿಂದ ಅದರ ಸುತ್ತ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿರಲಿಲ್ಲ, ಅಷ್ಟೇ.

ಕಾರಣ ನಾನು. ನಾನು ಹಳೇ ಕಾಲದ ರೇಸ್ ಕಾರುಗಳನ್ನು ಕಟ್ಟುತ್ತೇನೆ. (ಗಾಬರಿಯಾಗಬೇಡಿ. ಅಂಗೈ ಮೇಲೆ ಕೂರುವಂಥವು, ಅಸಲಿ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು.) ಪೆಟ್ಟಿಗೆಯೊಳಗೆ ಇನ್ನೂರು ಚಿಲ್ಲರೆ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ, ಒಂದಕ್ಕೊಂದು ಅಂಟಿಸಿದರೆ ಕಾರಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಸಾಸಿವೆಗಿಂತ ಸಣ್ಣ ಸ್ಕ್ರೂ ತಿರುಗಿಸುತ್ತಿರುವ ನನಗೆ ಇದು ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ. ಪೆಟ್ಟಿಗೆಯ ಮೇಲೆ 'ಹತ್ತು ವರ್ಷ ಮೇಲ್ಪಟ್ಟವರಿಗೆ' ಎಂದು ಅಚ್ಚಾಗಿರುತ್ತದೆ. ನನಗೆ ನಲವತ್ತೊಂಬತ್ತು. ಹನ್ನೊಂದು ತಿಂಗಳಲ್ಲಿ ಆರು ಕಾರು ಶುರುಮಾಡಿದ್ದೆ, ಒಂದೂ ಮುಗಿದಿರಲಿಲ್ಲ.

ಮೇಜಿನ ತುಂಬ ಎಂಜಿನ್ನುಗಳು, ಚಕ್ರಗಳು, ಹಲ್ಲುಕಡ್ಡಿಗಳು, ಬಟ್ಟೆ ಒಣಹಾಕುವ ತಂತಿಯಿಂದ ನಾಪತ್ತೆಯಾದ ಕ್ಲಿಪ್ಪುಗಳು. ಒಂದು ಮೂಲೆಯಲ್ಲಿ ಮಾತ್ರ ಗೇಣಗಲ ಜಾಗಕ್ಕೆ ಹೆಂಡತಿ ಬಿಳಿ ಟೇಪು ಅಂಟಿಸಿ ಗಡಿ ಹಾಕಿಕೊಂಡಿದ್ದಳು. ಅಲ್ಲಿ ಅವಳದೊಂದು ತಟ್ಟೆ, ಒಂದು ಲೋಟ, ಉಪ್ಪಿನ ಡಬ್ಬಿ. ನಾನು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆ, ಕಾಲೇಜಿಗೆ ಹೋಗುವ ಮಗಳು ಕಿಟಕಿಯ ಕಟ್ಟೆಯ ಮೇಲೆ. ಯಾರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಜಗಳವೂ ಕಮ್ಮಿ ಇತ್ತು ಎಂಬುದು ನನ್ನ ವಾದ.

ಆ ಸೋಮವಾರ ಹೆಂಡತಿ ಆಸ್ಪತ್ರೆಯಿಂದ ಬಂದವಳೇ (ಆಪರೇಷನ್ ಕೋಣೆಯ ನರ್ಸ್ ಅವಳು, ದೊಡ್ಡ ದೊಡ್ಡ ಡಾಕ್ಟರುಗಳು ಅವಳ ಹುಬ್ಬು ನೋಡಿ ನಡುಗುತ್ತಾರೆ) ಕೈಚೀಲ ಕೆಳಗಿಟ್ಟು ಶುರುಮಾಡಿದಳು.

"ರೀ, ಈ ಭಾನುವಾರ ಮಧ್ಯಾಹ್ನ ಅಕ್ಕ-ಭಾವ ಊಟಕ್ಕೆ ಬರ್ತಿದಾರೆ."

"ಬರಲಿ ಬರಲಿ, ಬಹಳ ಸಂತೋಷ."

"ಎಲ್ಲಿ ಕೂರಿಸ್ಲಿ? ನಿಮ್ಮ ಗೇರ್ ಬಾಕ್ಸ್ ಮೇಲಾ?"

"ಅದು ಗೇರ್ ಬಾಕ್ಸ್ ಅಲ್ಲ ಕಣೇ. ಹಿಂದಿನ ಆಕ್ಸಲ್."

ಈ ಮಾತು ಆಡಬಾರದಿತ್ತು. ಮುಂದಿನ ಕಾಲು ಗಂಟೆ ಅವಳು ಆಡಿದ್ದರಲ್ಲಿ 'ಆರಂಭಶೂರ' ಎಂಬುದೊಂದೇ ಇಲ್ಲಿ ಬರೆಯಬಹುದಾದ ಪದ. ನನಗೂ ರೋಷ ಬಂತು. ಅದೇ ಭಾನುವಾರ ಬೆಳಿಗ್ಗೆ ನಮ್ಮ ಪುಟ್ಟ ಕಾರುಗಳ ಸಂಘದ ವಾರ್ಷಿಕ ಪ್ರದರ್ಶನವಿತ್ತು. ಎದೆ ಸೆಟೆಸಿ, "ನೋಡ್ತಾ ಇರು, ಬಹುಮಾನ ತಂದು ನಿನ್ನ ಮುಂದೆ ಇಡ್ತೀನಿ!" ಎಂದುಬಿಟ್ಟೆ.

"ಸರಿ. ಯಾವುದಾದ್ರೂ ಒಂದು ಬಹುಮಾನ ತನ್ನಿ, ಸಮಾಧಾನಕರ ಬಹುಮಾನ ಆದ್ರೂ ಸೈ. ಮೇಜು ನಿಮ್ದು. ಈ ಜನ್ಮದಲ್ಲಿ ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ಲ ಅಂದ್ರೆ ಆರೂ ಕಾರು ಅಟ್ಟಕ್ಕೆ. ನೀವೂ ಜೊತೆಗೆ ಹತ್ತಬಹುದು."

ಒಪ್ಪಂದಕ್ಕೆ ಮಗಳೇ ಸಾಕ್ಷಿ. ಅಲ್ಲಿಗೆ ನನ್ನ ಬಾಕಿ ಆಯುಷ್ಯವೆಲ್ಲ ಆ ಭಾನುವಾರದ ಮೇಲೆ ನಿಂತಿತು.

ಅಂಗಡಿಗೆ ರಜ ಹಾಕಿದೆ. ಆರರಲ್ಲಿ ಹೆಚ್ಚು ಮುಗಿದಂತೆ ಕಾಣುತ್ತಿದ್ದ ಕೆಂಪು ಕಾರನ್ನು ಕೈಗೆತ್ತಿಕೊಂಡೆ. ಎಪ್ಪತ್ತು ವರ್ಷದ ಹಿಂದಿನ ಮಾದರಿ: ಉದ್ದ ಮೂತಿ, ಮೇಲೆ ಸೂರಿಲ್ಲ, ಬೆಲ್ಟಿಲ್ಲ, ಓಡಿಸುವವನಿಗೆ ದೇವರೇ ಗತಿ. ಬುಧವಾರ ಮುಂದಿನ ಗಾಜು ಅಂಟಿಸಿದೆ. ದಿಢೀರ್ ಅಂಟಿನ ಹಬೆಗೆ ಅದು ಬೆಳ್ಳಗಾಗಿ ಕೂತಿತು.

"ಅಪ್ಪಾ, ಡ್ರೈವರ್‌ಗೆ ಕಣ್ಣಲ್ಲಿ ಪೊರೆ ಬಂದಿದ್ಯಾ?" ಎಂದಳು ಮಗಳು.

"ಮಂಜಿನ ದಿನದ ರೇಸ್ ಅದು," ಎಂದು ಗದರಿದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಾರು ಸಿದ್ಧ. ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಕಣ್ಣು ತುಂಬಿ ಬಂತು. ಬೆರಳಿನಿಂದ ಮೆಲ್ಲಗೆ ತಾಕಿಸಿದೆ, ಟಕ್ ಅಂದಿತು. ಇನ್ನೊಂದು ಕಡೆ ತಾಕಿಸಿದೆ, ಮತ್ತೆ ಟಕ್. ಮೂರು ಚಕ್ರ ಮಾತ್ರ ನೆಲದ ಮೇಲಿದ್ದವು. ನಾಲ್ಕನೆಯದು ಬೀದಿ ನಾಯಿ ಕಂಬದ ಹತ್ತಿರ ಕಾಲೆತ್ತಿದಂತೆ ಗಾಳಿಯಲ್ಲಿತ್ತು!

ಈ ರೋಗಕ್ಕೆ ಔಷಧ ಕಾರು ಕಟ್ಟುವವರಿಗೆಲ್ಲ ಗೊತ್ತು. ಆಕ್ಸಲ್ ಸಡಿಲಿಸಿ, ಹೊಸದಾಗಿ ಅಂಟು ಹಾಕಿ, ಕಾರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ತಲೆಯ ಮೇಲೆ ಭಾರ ಹೇರಬೇಕು. ಅಂಟು ಒಣಗುವಾಗ ನಾಲ್ಕೂ ಚಕ್ರ ತಾನಾಗಿ ನೆಲ ಹಿಡಿಯುತ್ತವೆ. ನನ್ನ ಗಾಜು ಗುರುವಾರವೇ ಮೊಣಕೈ ತಾಗಿ ದೈವಾಧೀನವಾಗಿತ್ತು. ಮೇಜೇ ಸಮತಟ್ಟಾಗಿದೆಯಲ್ಲ, ಗಾಜೇಕೆ ಅಂದುಕೊಂಡೆ. 'ಒಂದೇ ತೊಟ್ಟು ಸಾಕು' ಎಂದು ಬಾಟಲಿಯ ಮೇಲಿತ್ತು. ಇಂಥ ವಿಷಯದಲ್ಲಿ ಜಿಪುಣತನ ನನ್ನ ಸ್ವಭಾವವಲ್ಲ. ಧಾರಾಳವಾಗಿ ಸುರಿದೆ, ಕಾರಿನ ಮೇಲೆ ಸ್ಪಂಜಿಟ್ಟು ಅದರ ಮೇಲೆ ಹೆಂಡತಿಯ ನರ್ಸಿಂಗ್ ಪುಸ್ತಕ ಹೇರಿ (ಎರಡು ಕೆಜಿ), ನಿಶ್ಚಿಂತೆಯಿಂದ ಹೋಗಿ ಮಲಗಿದೆ. ಬಾಟಲಿಯ ಮುಚ್ಚಳದ ಕಡೆ ಗಮನ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಅಂಗಿ ತೊಟ್ಟು, ಹತ್ತಿ ಹಾಸಿದ ಪೆಟ್ಟಿಗೆ ಹಿಡಿದು ಬಂದು ಕಾರನ್ನು ಎತ್ತಿದೆ. ಬರಲಿಲ್ಲ. ಇನ್ನಷ್ಟು ಎತ್ತಿದೆ. ಮೇಜಿನ ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು. ನಾಲ್ಕೂ ಚಕ್ರ ನೆಲ ಹಿಡಿದಿದ್ದವು, ಇನ್ನು ಬಿಡುವ ಲಕ್ಷಣವಿರಲಿಲ್ಲ.

ನನ್ನ ಕೂಗಿಗೆ ಹೆಂಡತಿ ಓಡಿಬಂದಳು. ಟಾರ್ಚ್ ಹಿಡಿದು, ಬಗ್ಗಿ, ಸುತ್ತ ಪರೀಕ್ಷಿಸಿದಳು.

"ಕಾಲು ತೆಗೀಬೇಕಾಗುತ್ತೆ," ಎಂದಳು.

"ಯಾರ್ದು?"

"ಸದ್ಯಕ್ಕೆ ಕಾರಿಂದು."

ಮಗಳು ಉಗುರು ಬಣ್ಣ ಅಳಿಸುವ ಸೀಸೆ ತಂದಳು. "ಅದು ತಾಕಿದ್ರೆ ಪ್ಲಾಸ್ಟಿಕ್ಕೇ ಕರಗಿ ಹೋಗುತ್ತೆ, ದೂರ ಇಡು!" ಎಂದು ಚೀರಿದೆ. ಅಷ್ಟರಲ್ಲಿ ಹೆಂಡತಿ ತನ್ನ ಮೂಲೆಯ ತಟ್ಟೆಗೆ ಕೈ ಹಾಕಿದಳು. ತಟ್ಟೆಯೂ ಬರಲಿಲ್ಲ. ಉರುಳಿದ ಬಾಟಲಿಯ ಅಂಟು ಗಡಿ ದಾಟಿ ಹರಿದು ತಟ್ಟೆ, ಲೋಟ, ಉಪ್ಪಿನ ಡಬ್ಬಿಗಳನ್ನೂ, ದಾರಿಯಲ್ಲಿ ಸಿಕ್ಕ ಬಾಕಿ ಐದು ಕಾರುಗಳ ಅವಶೇಷಗಳನ್ನೂ ಭದ್ರಪಡಿಸಿತ್ತು. ಅವಳು ನನ್ನ ಕಡೆ ತಿರುಗಿ ನೋಡಿದ ನೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಕ್ಟರುಗಳು ಯಾಕೆ ನಡುಗುತ್ತಾರೆಂದು ಗೊತ್ತಾಯಿತು.

ಸರಿಯಾಗಿ ಆಗಲೇ ಬಾಗಿಲಲ್ಲಿ ಹಾರ್ನ್ ಕೇಳಿತು. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮನೆ ಸಾಮಾನು ಸಾಗಿಸುವ ಲಾರಿ ಇಟ್ಟುಕೊಂಡವನು. ಊಟಕ್ಕೆ ಕರೆದರೂ ಲಾರಿಯಲ್ಲೇ ಬರುತ್ತಾನೆ, ಅದೂ ಮೂರು ಗಂಟೆ ಮೊದಲು. ಒಳಗೆ ಬಂದವನು ಕಾರನ್ನೂ ನನ್ನನ್ನೂ ನೋಡಿ ಸೊಂಟ ಹಿಡಿದುಕೊಂಡು ನಕ್ಕ.

"ಏನ್ರೀ ಷಡ್ಡಕರೇ! ಜಗತ್ತಲ್ಲಿ ಕಾರು ಕದೀತಾರೆ ಅಂತ ಬೀಗ ಹಾಕೋರನ್ನ ನೋಡಿದೀನಿ. ನೀವು ಬೆಸುಗೇನೇ ಹಾಕಿದೀರಲ್ಲ!"

ಅತ್ತಿಗೆಯೂ ನಕ್ಕರು. ನಾನು ಕುರ್ಚಿಯ ಮೇಲೆ ಕುಸಿದೆ. ಮಗಳು ಮಾತ್ರ ಸಂಘದ ನಿಯಮಗಳ ಪುಸ್ತಿಕೆ ತಿರುವುತ್ತಿದ್ದಳು.

"ಅಪ್ಪಾ, ಇಲ್ಲಿ ಕೇಳು. 'ಕಾರನ್ನು ಒಂದು ಪೀಠಕ್ಕೆ ಗಟ್ಟಿಯಾಗಿ ಅಂಟಿಸಿರಬೇಕು. ಪೀಠದ ಅಳತೆಗೆ ಮಿತಿಯಿಲ್ಲ.'"

ಎಲ್ಲರೂ ಮೇಜನ್ನು ನೋಡಿದೆವು. ಆಮೇಲೆ ಷಡ್ಡಕನನ್ನು ನೋಡಿದೆವು.

"ಲಾರಿಗೇನೋ ಹಿಡಿಸುತ್ತೆ," ಎಂದ ಅವನು, ತಲೆ ಕೆರೆದುಕೊಂಡು.

ಹೆಂಡತಿ ಅಡ್ಡ ಬರುತ್ತಾಳೆಂದುಕೊಂಡಿದ್ದೆ. ಬರಲಿಲ್ಲ. "ಹೋಗ್ಲಿ ಬಿಡಿ ಭಾವ, ಹತ್ತಿಸಿ. ಹೇಗೂ ಸೋಲೋದು ಗ್ಯಾರಂಟಿ. ಅಲ್ಲೇ ಎಲ್ಲಾ ಕೆರೆದು ಖಾಲಿ ಮಾಡ್ಕೊಂಡು ಬರೋಣ, ಮನೆ ಗುಡಿಸೋ ಕೆಲಸ ಉಳೀತು," ಎಂದು ಪುಸ್ತಿಕೆಯನ್ನು ಮಗಳ ಕೈಯಿಂದ ಕಿತ್ತುಕೊಂಡು ತಾನೂ ಲಾರಿ ಹತ್ತಿದಳು.

ಪ್ರದರ್ಶನದ ಹಾಲಿನಲ್ಲಿ ಉಳಿದ ಸದಸ್ಯರು ತಮ್ಮ ಕಾರುಗಳನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬರುತ್ತಿದ್ದರು. ನಾವು ನಾಲ್ವರು "ಹೂಂ, ಎತ್ತು, ಎಡಕ್ಕೆ, ಎಡಕ್ಕೆ ಅಂದ್ರೆ ಎಡಕ್ಕೆ!" ಎಂದು ಕೂಗಾಡುತ್ತ ಮೇಜು ಹೊತ್ತು ಒಳಗೆ ಬಂದಾಗ ಇಡೀ ಸಭೆ ಎದ್ದು ನಿಂತಿತು. (ಗೌರವದಿಂದಲ್ಲ, ದಾರಿ ಬಿಡಲು.) ಒಂದು ತುಂಡೂ ಅಲುಗಾಡಿರಲಿಲ್ಲ. ನನ್ನ ಉಸಿರು ಬಾಯಿಗೆ ಬಂದಿದ್ದರಿಂದ ಹೆಸರು ಬರೆಸಲು ಹೆಂಡತಿಯೇ ಹೋದಳು.

"ಕೃತಿಯ ಹೆಸರು?" ಎಂದು ಕೇಳಿದರು ಸಂಘದ ಕಾರ್ಯದರ್ಶಿ.

"ಹನ್ನೊಂದು ತಿಂಗಳು, ಅಂತ ಬರ್ಕೊಳ್ಳಿ."

ತೀರ್ಪುಗಾರರು ಒಬ್ಬ ನಿವೃತ್ತ ಚಿತ್ರಕಲೆ ಮೇಷ್ಟ್ರು. ನಮ್ಮ ಮೇಜಿನ ಹತ್ತಿರ ಬಂದು ಭೂತಗನ್ನಡಿಯಲ್ಲಿ ಕೆಂಪು ಕಾರನ್ನು ನೋಡಿದರು.

"ಕಾರು ಸಾಧಾರಣ. ಗಾಜು ಮಬ್ಬು. ಬಣ್ಣ ಇಳಿದಿದೆ."

ಮೇಷ್ಟ್ರು ಹೊರಟವರು ಮೇಜಿನ ಆ ತುದಿಯಲ್ಲಿ ತಟ್ಟನೆ ನಿಂತರು. ಬಿಳಿ ಟೇಪು ನೋಡಿದರು. ಟೇಪಿನಾಚೆಯ ಒಂಟಿ ತಟ್ಟೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಕಡೆ ಗಂಡಸಿನ ಹುಚ್ಚಿನ ಇಷ್ಟು ದೊಡ್ಡ ಸಾಮ್ರಾಜ್ಯ... ಆ ಕಡೆ ಒಂದೇ ಒಂದು ತಟ್ಟೆ. ಅಯ್ಯೋ, ಆ ಹೆಣ್ಣುಮಗಳು ಎಷ್ಟು ಸಹಿಸಿರ್ಬೇಕು! ಯಾವ ಅಳತೇದಮ್ಮ ಈ ಮೇಜು?"

"ಒಂದಕ್ಕೆ ಒಂದು ಸಾರ್," ಎಂದಳು ನನ್ನ ಹೆಂಡತಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. ಆ ನೀರು ನಿಜವೋ ನಾಟಕವೋ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೂ ತಿಳಿಯಲಿಲ್ಲ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಅಲ್ರೀ, ಇಂಥ ಗಂಡಸ್ರು ನಿಜವಾಗ್ಲೂ ಇರ್ತಾರಾ?"

"ಇರ್ತಾರಂತೆ ಸಾರ್. ಕೇಳಿದೀನಿ," ಎಂದೆ.

ಹನ್ನೆರಡಕ್ಕೆ ಫಲಿತಾಂಶ ಬಂತು. ಮೊದಲ ಬಹುಮಾನ, 'ಹನ್ನೊಂದು ತಿಂಗಳು'! ನಾನು ಕುಣಿದಾಡಿಬಿಟ್ಟೆ. ಷಡ್ಡಕನ ಮುಂದೆ ಎರಡು ಸುತ್ತು ಹೆಚ್ಚಿಗೇ ಕುಣಿದೆ.

"ಮೇಜು ನಂದು! ಒಪ್ಕೋ, ಮೇಜು ನಂದು!"

"ನಿಮ್ದೇ ರೀ. ಮಾತು ಅಂದ್ರೆ ಮಾತು," ಎಂದಳು ಹೆಂಡತಿ. ಇಷ್ಟು ಸಮಾಧಾನವಾಗಿ ಅವಳು ಯಾವತ್ತೂ ಸೋತಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೇಜು ಎತ್ತಲು ತೋಳು ಮಡಿಚಿದೆ. ಕಾರ್ಯದರ್ಶಿ ಒಂದು ಕೆಂಪು ಹಗ್ಗ ಹಿಡಿದುಕೊಂಡು ಅಡ್ಡ ಬಂದರು.

"ಎಲ್ಲಿಗೆ ಸ್ವಾಮಿ? ಹದಿನಾಲ್ಕನೇ ನಿಯಮ ಮರೆತ್ರಾ? ಮೊದಲ ಬಹುಮಾನ ಬಂದದ್ದು ಒಂದು ವರ್ಷ ಹಾಲಲ್ಲೇ ಇರ್ಬೇಕು. ಹೋದ ಸಭೇಲಿ ನೀವೇ ತಾನೆ ಹಟ ಹಿಡಿದು ಪಾಸ್ ಮಾಡಿಸಿದ್ದು?"

ಹೌದು, ನಾನೇ. ಪ್ರತಿ ವರ್ಷ ಗೆಲ್ಲುವ ಪೋಸ್ಟ್ ಮಾಸ್ಟರ ಕಾರನ್ನು ಪುರಸೊತ್ತಾಗಿ ನೋಡಿ ನಕಲು ಹೊಡೆಯೋಣವೆಂದು ಮಾಡಿಸಿದ ನಿಯಮ ಅದು. ಅವರವರು ಮಾಡಿದ್ದು ಅವರವರಿಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಲಾರೀಲಿ ಕೂತು ಪುಸ್ತಿಕೆ ಪೂರ್ತಿ ಓದ್ದೆ. ಸೋತ್ರೆ ಮೇಜು ನಂಗೆ, ಗೆದ್ರೆ ನಡುಮನೆ ನಂಗೆ. ಯಾವುದಾದ್ರೂ ಪರವಾಗಿಲ್ಲ ಅಂದ್ಕೊಂಡೆ. ಆದ್ರೂ ಗೆದ್ರೆ ಒಳ್ಳೇದು ಅಂತ ಆ ಹೆಸ್ರು ಬರೆಸ್ದೆ."

ಆ ಮಧ್ಯಾಹ್ನ ನಡುಮನೆಯ ಖಾಲಿ ಜಾಗದಲ್ಲಿ ದೊಡ್ಡ ಚಾಪೆ ಹಾಸಿ ಐದೂ ಜನ ಸುತ್ತ ಕೂತು ಉಂಡೆವು. ಷಡ್ಡಕ ಕಾಲು ಚಾಚಿಕೊಂಡು, ಬೆಸುಗೆಯ ಕಥೆಯನ್ನು ನನಗೇ ಮೂರು ಸಲ ಹೇಳಿದ. ಮಗಳು ಬಾಯಿ ಬಿಟ್ಟು ಕಾಲೇಜಿನ ಸುದ್ದಿಯೆಲ್ಲ ಹೇಳಿದಳು. ಹೆಂಡತಿ ಕೇಳದೆಯೇ ಎರಡನೇ ಸಲ ಬಡಿಸಿದಳು. ನಿಜ ಹೇಳಲೇ? ಹನ್ನೊಂದು ತಿಂಗಳಲ್ಲಿ ಅಷ್ಟು ರುಚಿಯಾದ ಊಟ ನಾನು ಮಾಡಿರಲಿಲ್ಲ. ಇದನ್ನು ಅವಳಿಗೆ ಹೇಳಲು ನನ್ನ ಸ್ವಾಭಿಮಾನ ಒಪ್ಪಲಿಲ್ಲ.

ಆದರೂ ಕೈ ಕೇಳಬೇಕಲ್ಲ. ಮುಂದಿನ ಶನಿವಾರ, ಹಾಲು ತೆರೆದಿರುವ ಹೊತ್ತು ನೋಡಿಕೊಂಡು, ಕಿಸೆಯಲ್ಲಿ ಒಂದು ಚಿಮುಟ ಇಟ್ಟುಕೊಂಡು ಹೋದೆ. ಯಾರೂ ಇಲ್ಲದಿದ್ದರೆ ಎರಡನೇ ಕಾರಿಗೆ ಒಂದು ಸ್ಟಿಯರಿಂಗ್ ಕೂರಿಸಿ ಬರೋಣ ಎಂಬ ಆಸೆ. ನಮ್ಮ ಮೇಜು ಹಗ್ಗದ ನಡುವೆ ದೀಪದ ಬೆಳಕಿನಲ್ಲಿ ಥಳಥಳ ಹೊಳೆಯುತ್ತಿತ್ತು. ಒಂದು ಕಾಲು ಹಗ್ಗದಾಚೆ ಇಟ್ಟಿದ್ದೆ, ಕಾವಲುಗಾರ ಓಡಿಬಂದ.

"ಸಾರ್, ಸಾರ್! ಮುಟ್ಟೋ ಹಾಗಿಲ್ಲ."

"ಇದು ನನ್ನ ಮೇಜಪ್ಪಾ. ಕಾರು ಮಾಡಿದವ್ನೂ ನಾನೇ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೇಜಿನ ಮುಂದಿದ್ದ ಹಲಗೆಯ ಹತ್ತಿರ ಹೋಗಿ ಬೆರಳಿಟ್ಟು ಓದಿದ. ನಾನೂ ಬಗ್ಗಿ ಓದಿದೆ. 'ಹನ್ನೊಂದು ತಿಂಗಳು' ಎಂಬುದರ ಕೆಳಗೆ ದಪ್ಪ ಅಕ್ಷರದಲ್ಲಿ 'ಕಲ್ಪನೆ, ನಿರ್ಮಾಣ' ಎಂದು ನನ್ನ ಹೆಂಡತಿಯ ಹೆಸರಿತ್ತು. ಅದರ ಕೆಳಗೆ, ನನ್ನ ಕನ್ನಡಕ ಸರಿಮಾಡಿಕೊಂಡು ನೋಡಬೇಕಾದಷ್ಟು ಸಣ್ಣಕ್ಷರದಲ್ಲಿ, 'ಸಹಾಯಕ: ಗಂಡ' ಎಂದಿತ್ತು.

"ಓ, ಅದು ನೀವಾ?" ಎಂದ ಕಾವಲುಗಾರ. ಅವನ ದನಿ ಸ್ವಲ್ಪ ಮೆತ್ತಗಾಯಿತು. "ಸಹಾಯಕರಿಗೂ ಅಷ್ಟೇ ಸಾರ್. ಹಗ್ಗದಿಂದ ಈಚೆ."