ವಾಗ್ದೇವಿ ಅತ್ತೆಯ ಬಿಂದು ಅಂಟು

"ಈ ಅಂಟನ್ನ ಚಪ್ಪಲಿ ತಳಕ್ಕೆ ಬಳಿದ್ರೆ ಸಾಕು ಕಣೋ! ಹದಿನಾಲ್ಕನೇ ಅಕ್ಷಾಂಶ, ಎಪ್ಪತ್ತೇಳನೇ ರೇಖಾಂಶ ಕೂಡೋ ಬಿಂದುವಿಗೆ ಅದೇ ಕರ್ಕೊಂಡು ಹೋಗುತ್ತೆ!"

ಶಿರಾ ಆಚೆ, ರಸ್ತೆ ಪಕ್ಕದ ಹೊಲದ ಬದುವಿನ ಮೇಲೆ ನಿಂತು ವಾಗ್ದೇವಿ ಅತ್ತೆ ಘೋಷಿಸಿದರು. ಕಾರಿಗೆ ಒರಗಿದ್ದ ಮಾವ ಗಹಗಹಿಸಿ ನಕ್ಕರು.

"ತರಕಾರಿ ತರೋಕೆ ಹೋಗಿ ದಾರಿ ತಪ್ಪಿ ಪೊಲೀಸ್ ಜೀಪಲ್ಲಿ ವಾಪಸ್ ಬಂದವಳು ನೀನು! ಆ ಬಿಂದು ಮೇಲೆ ನಿಂತು ತೋರ್ಸು, ನಮ್ಮನೆ ಹಾಲ್ ಪೂರ್ತಿ ನಿನ್ನ ಪ್ರಯೋಗಕ್ಕೆ. ಇಲ್ದಿದ್ರೆ ನಿನ್ನ ಯಂತ್ರಗಳೆಲ್ಲ ಗುಜರಿಗೆ!"

ಅತ್ತೆ ಹೆಜ್ಜೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಚಪ್ಪಲಿಯೇ ಇಡಿಸಿತು! ನೇರ ಅಂದರೆ ನೇರ. ಕಡಲೆಕಾಯಿ ಹೊಲ, ಜಾಲಿ ಮುಳ್ಳು, ಕುರಿಮಂದೆಯ ನಟ್ಟನಡುವೆ! ನಾನು ಹಿಂದೆಯೇ ಓಡಿದೆ.

"ಅತ್ತೆ, ಪಕ್ಕಕ್ಕೆ ತಿರುಗಿ!"

"ಪಕ್ಕ ಅನ್ನೋದನ್ನ ಇದಕ್ಕೆ ಕಲಿಸಿಲ್ವಲ್ಲೋ!"

ಎದುರಿಗೇ ಒಂದು ಮನೆ. ಒಳಗೆ ನಾಮಕರಣ, ಬಾಗಿಲಲ್ಲಿ ನೆಂಟರ ಚಪ್ಪಲಿಗಳ ರಾಶಿ. ಅತ್ತೆ ನುಗ್ಗುವಷ್ಟರಲ್ಲಿ ಮನೆಯ ಅಜ್ಜಿ ಅಡ್ಡ ನಿಂತಿತು.

"ಏನವ್ವೋ, ಚಪ್ಲಿ ಮೆಟ್ಕಂಡೇ ಒಳೀಕ್ ಬತ್ತೀಯಾ? ಬಿಟ್ ಬಾ! ಪಾಯ್ಸ ಕುಡ್ದು ಹೋಗು!"

ಅಭ್ಯಾಸಬಲ ನೋಡಿ! ಅತ್ತೆ ಕಾಲು ಒದರಿ ಚಪ್ಪಲಿ ಬಿಟ್ಟೇಬಿಟ್ಟರು, ಅದೂ ರಾಶಿಯ ಮೇಲೆ. ಅಂಟು ಇನ್ನೂ ಹಸಿ! ಒಂದರಿಂದ ಒಂದಕ್ಕೆ ಮೆತ್ತಿಕೊಂಡಿತು. ಮರುಕ್ಷಣ ಊರಿನ ಚಪ್ಪಲಿಗಳೆಲ್ಲ ಸಾಲಾಗಿ ಹೊಸಿಲು ದಾಟಿ, ತೊಟ್ಟಿಲ ಕೆಳಗೆ ನುಸುಳಿ, ಹಿತ್ತಿಲ ಬಾಗಿಲಿಂದ ಹೊರಟೇ ಹೋದವು!

"ಅಯ್ಯೋ, ನನ್ ಹೊಸ ಮೆಟ್ಟು!" ನೆಂಟರೆಲ್ಲ ಬರಿಗಾಲಲ್ಲಿ ಹಿಂದೆ ಬಿದ್ದರು.

ರಸ್ತೆ ಮತ್ತೆ ಸಿಗುವ ಕಡೆ, ಒಂದು ಬಯಲಲ್ಲಿ, ಚಪ್ಪಲಿಗಳು ನಿಂತವು. ಎಲ್ಲಕ್ಕೂ ಬೇಕಾದದ್ದು ಅದೊಂದೇ ಬಿಂದು! ಒಂದರ ಮೇಲೊಂದು ಹತ್ತಿ ಗೋಪುರವೇ ಆಯಿತು. ಕಿತ್ತು ಎಸೆದರೆ ತಿರುಗಿ ಬಂದು ಹತ್ತುತ್ತಿದ್ದವು.

"ಚಪ್ಪಲಿ ಬಿಂದು ಮೇಲಿದೆ, ನಾನು ಹೊರಗಿದ್ದೀನಿ! ಹಾಲ್ ಹೋಯ್ತು ಕಣೋ!" ಅತ್ತೆ ಅಳುವುದೊಂದು ಬಾಕಿ.

ಅಷ್ಟರಲ್ಲಿ ರಸ್ತೆಯಲ್ಲೊಂದು ಟೆಂಪೋ ನಿಂತಿತು. ಇಷ್ಟು ಚಪ್ಪಲಿ ಬಿಟ್ಟಿದ್ದಾರೆ, ಇಷ್ಟು ಜನ ಬರಿಗಾಲಲ್ಲಿದ್ದಾರೆ! ಇಳಿದವರೆಲ್ಲ ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಕೈಮುಗಿದರು. ಒಬ್ಬ ಕಾಯಿಯನ್ನೂ ಒಡೆದ!

ಕೊನೆಗೆ ಕಾರಲ್ಲಿ ಮಾವ ಬಂದರು. ಬೂಟು ಬಿಚ್ಚಿ ಗೋಪುರದ ಬುಡದಲ್ಲಿಟ್ಟು, ಗಲ್ಲ ಬಡಿದುಕೊಂಡು, ಆಮೇಲೆ ನನ್ನ ಕಿವಿಯಲ್ಲಿ ಕೇಳಿದರು:

"ಯಾವ ದೇವ್ರೋ ಇದು?"

"ಅತ್ತೆ ಬಿಂದು, ಮಾವ."

ಮಾವ ಸಾವರಿಸಿಕೊಂಡು, "ಆದ್ರೆ ಅವಳು ಅದರ ಮೇಲೆ ನಿಂತಿಲ್ವಲ್ಲ!" ಅಂದರು.

ಅತ್ತೆಯ ಕಣ್ಣು ಮಿಂಚಿತು. "ನೀವೇ ಕೈಮುಗಿದ ಜಾಗ ತುಳೀಬೇಕಾ? ಸರಿ, ಈ ಜನರ ಮುಂದೆ ಗಟ್ಟಿಯಾಗಿ ಹೇಳಿ, ತುಳೀತೀನಿ!"

ಮಾವ ಜನರನ್ನು ನೋಡಿದರು. ಕಾಯಿ ಒಡೆದವನ ಕೈಯಲ್ಲಿ ಇನ್ನೊಂದು ಕಾಯಿ ಇತ್ತು. ಮಾವ ಹಿಂದೆ ಸರಿದು ಮತ್ತೆ ಕೈಮುಗಿದರು. ಅವರ ಬೂಟು ಮಾತ್ರ ಟಕಟಕ ಅಂತ ಗೋಪುರದ ತುದಿ ಹತ್ತಿ ಕೂತಿತು.

ಹಾಲ್ ಈಗ ಅತ್ತೆಯದು. ಮಾವ ಹೊಸ ಬೂಟು ಕೊಂಡಿದ್ದಾರೆ. ಮನೆಗೆ ಬಂದ ತಕ್ಷಣ ಬಿಚ್ಚಿ ಕಿಟಕಿ ಸರಳಿಗೆ ಕಟ್ಟಿಹಾಕುತ್ತಾರೆ.